ತುಂಗಭದ್ರೆಯ 19ನೆಯ ಗೇಟ್ ಕುರಿತು ಒಂಬತ್ತನೆಯ ತರಗತಿಯ ಮಕ್ಕಳ ಸಾಕ್ಷ್ಯಚಿತ್ರ: ಸಲಹೆ ಬೇಕು

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಕೊಪ್ಪಳ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಮುನಿರಾಬಾದಿನ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ವರ್ಷದ ಯೋಜನಾ ಕಾರ್ಯಕ್ಕೆ ಚಾರ್ಟ್ ಬರೆಯುವ ಬದಲು ಎಲ್ಲರೂ ಸೇರಿ ಒಂದು ಸಾಕ್ಷ್ಯಚಿತ್ರ ಮಾಡುತ್ತೇವೆಂದು ಒಂಬತ್ತನೆಯ ತರಗತಿಯ ಹದಿನಾಲ್ಕು ಮಕ್ಕಳು ತಾವಾಗಿಯೇ ಮುಂದೆ ಬಂದಿದ್ದಾರೆ. ವಿಷಯವನ್ನೂ ಅವರೇ ಆರಿಸಿಕೊಂಡಿದ್ದಾರೆ: 2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟ್ (ಹೆಚ್ಚುವರಿ ನೀರು ಹೊರಬಿಡಲು ಅಣೆಕಟ್ಟೆಯ ಮೇಲ್ಭಾಗದಲ್ಲಿರುವ ಬಾಗಿಲು) ಸರಪಳಿ ಕಡಿದು ಕೊಚ್ಚಿಹೋದ ಘಟನೆ. ಆ ದಿನಗಳು ಅವರಿಗೆಲ್ಲ ಚೆನ್ನಾಗಿ ನೆನಪಿವೆ. ಹಲವರ ಮನೆಗಳು ನದಿಗೆ ಹತ್ತಿರವೇ ಇವೆ.

ತೊಡಕು ಶುರುವಾದದ್ದು ನಾವು ಕುಳಿತು ಮಾತನಾಡತೊಡಗಿದ ಮೇಲೆ. ಗೇಟಿನ ಮಾತು ಬಂದಾಗ ಅಣೆಕಟ್ಟೆ ಕಟ್ಟಿದವರು ಯಾರು ಎಂಬ ಮಾತು ಬಂತು. ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು 1945ರಲ್ಲಿ ಕೂಡಿ ಆರಂಭಿಸಿದ್ದು, 1953ರಲ್ಲಿ ನೀರು ನಿಂತದ್ದು, ಮುಳುಗಡೆಯಾದ ಊರುಗಳು, 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದದ್ದು, ಎಡದಂಡೆ ಕಾಲುವೆ, ಭತ್ತ, ಎರಡನೆಯ ಬೆಳೆ, ಹೀಗೆ ಎಲ್ಲವೂ ಪಟ್ಟಿಗೆ ಸೇರಿಕೊಂಡವು. ಮಕ್ಕಳಿಗೆ ಯಾವುದನ್ನೂ ಬಿಡಲು ಮನಸ್ಸಿಲ್ಲ, ನನಗೂ ಇಲ್ಲ.

ನಮ್ಮಲ್ಲಿರುವುದು ಪಾಲಕರು ಕೊಡಲು ಒಪ್ಪಿರುವ ಕೆಲವು ಮೊಬೈಲುಗಳು ಮತ್ತು ಶಾಲೆಯ ಒಂದು ಹಳೆಯ ಕಂಪ್ಯೂಟರ್ ಮಾತ್ರ. ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತಿದೆ. ಕೆಲಸ ಹಂಚಿಕೊಳ್ಳಿರೆಂದು ಹೇಳಿದ ಕೂಡಲೇ ಹುಡುಗರು ಕ್ಯಾಮೆರಾ ಹಿಡಿದರು, ಹುಡುಗಿಯರ ಕೈಗೆ ನೋಟುಪುಸ್ತಕ ಬಂತು. ಚಿತ್ರ ಎಷ್ಟು ಉದ್ದ ಇರಬೇಕು, ಯಾವ ಕ್ರಮದಲ್ಲಿ ಮುಂದುವರಿಯಬೇಕು, ಗುಂಪಿನ ಕೆಲಸಕ್ಕೆ ಒಬ್ಬೊಬ್ಬರಿಗೂ ಅಂಕ ಕೊಡುವುದು ಹೇಗೆ ಎಂದು ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಛಾಯಾಗ್ರಾಹಕ, ಬಳ್ಳಾರಿ

ಮೇಡಂ, ನಿಮ್ಮ ಪಟ್ಟಿಯಲ್ಲಿ ನಾಲ್ಕೈದು ಚಿತ್ರಗಳಿವೆ. ಮಕ್ಕಳು ಮಾಡಬೇಕಾದದ್ದು ಒಂದನ್ನು ಮಾತ್ರ. ಯಾವ ಪ್ರಶ್ನೆಗೆ ಉತ್ತರ ಹೇಳುವವರು ನಡೆದು ಹೋಗುವಷ್ಟು ದೂರದಲ್ಲೇ ಸಿಗುತ್ತಾರೋ ಆ ಪ್ರಶ್ನೆಯನ್ನು ಹಿಡಿಯಲಿ ಎಂಬುದು ನನ್ನ ಸಲಹೆ. ಅಣೆಕಟ್ಟೆಯ ಇತಿಹಾಸವನ್ನು ಹೇಳಲು ಗ್ರಂಥಾಲಯವಿದೆ. ಆದರೆ "ಆ ರಾತ್ರಿ ನಿಮಗೆ ಸುದ್ದಿ ಮುಟ್ಟಿಸಿದವರು ಯಾರು, ಮುಟ್ಟಿದ ಮೇಲೆ ನೀವು ಏನು ಮಾಡಿದಿರಿ?" ಎಂಬುದಕ್ಕೆ ಉತ್ತರ ಇರುವುದು ನಿಮ್ಮ ಮಕ್ಕಳ ಅಜ್ಜಿಯರಲ್ಲಿ, ಹುಲಿಗಿಯ ಅಂಗಡಿಯವರಲ್ಲಿ, ಮೀನುಗಾರರಲ್ಲಿ, ಆಗಷ್ಟೇ ಭತ್ತ ನಾಟಿ ಮಾಡಿದ್ದ ರೈತರಲ್ಲಿ. ಇದೇ ಎರಡು ಪ್ರಶ್ನೆಗಳನ್ನು ಎಲ್ಲರಿಗೂ ಕೇಳಲಿ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಚಿತ್ರ ತಾನಾಗಿಯೇ ಬೆಳೆಯುತ್ತದೆ. ಎಂಟು ಹತ್ತು ನಿಮಿಷ ಸಾಕು.

ಗೇಟಿನ ತಾಂತ್ರಿಕ ವಿವರ ಬೇಕೇ ಬೇಕು, ಆದರೆ ಅದನ್ನು ಹಿನ್ನೆಲೆ ಧ್ವನಿಯಲ್ಲಿ ಓದಿ ಹೇಳಿದರೆ ನೋಡುವವರಿಗೆ ತಲೆಗೆ ಹತ್ತುವುದಿಲ್ಲ. ಒಟ್ಟು 33 ಗೇಟುಗಳು, ಪ್ರತಿಯೊಂದೂ 60 ಅಡಿ ಅಗಲ, 20 ಅಡಿ ಎತ್ತರ; ಜಲಾಶಯದ ಪೂರ್ಣ ಮಟ್ಟ 1633 ಅಡಿ. ಒಂದು ಗೇಟ್ ಹೋದ ಮೇಲೆ ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟದ್ದೇಕೆ, ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ, ನೀರು ತಡೆಯುವ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಹರಿಯುವ ನೀರಿನಲ್ಲೇ ತಾತ್ಕಾಲಿಕವಾಗಿ ಬಾಗಿಲು ಮುಚ್ಚಿದ್ದು ಹೇಗೆ ಎಂಬುದನ್ನು ಒಬ್ಬ ವಿದ್ಯಾರ್ಥಿನಿ ರಟ್ಟು ಮತ್ತು ದಾರದಿಂದ ಮಾದರಿ ಮಾಡಿ, ತರಗತಿಯ ಮೇಜಿನ ಮೇಲೆ ಕೈಯಿಂದಲೇ ಎಳೆದು ತೋರಿಸಲಿ. ಆ ಕೈಗಳನ್ನೇ ಹತ್ತಿರದಿಂದ ಚಿತ್ರಿಸಿಕೊಳ್ಳಿ. ತಾನು ಅರ್ಥ ಮಾಡಿಕೊಳ್ಳದೆ ಯಾರೂ ಅದನ್ನು ಹಾಗೆ ವಿವರಿಸಲಾರರು, ಹಾಗಾಗಿ ಪಾಠವೂ ಅಲ್ಲೇ ಆಗಿಹೋಗುತ್ತದೆ.

ಈಗ ಧ್ವನಿಯ ವಿಚಾರ. ಶಾಲಾ ಮಕ್ಕಳ ಚಿತ್ರಗಳು ಸೋಲುವುದು ಬಹುಪಾಲು ಇಲ್ಲಿಯೇ, ದೃಶ್ಯದಲ್ಲಲ್ಲ. ಚಿತ್ರ ಸ್ವಲ್ಪ ಅಲುಗಿದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ನಮ್ಮ ಕಡೆ ಆಷಾಢದಿಂದ ಶ್ರಾವಣದವರೆಗೆ ಗಾಳಿ ಎಷ್ಟು ಬೀಸುತ್ತದೆಂದು ನಿಮಗೇ ಗೊತ್ತು. ನದಿ ದಂಡೆಯಲ್ಲಿ ನಿಂತು ಮೊಬೈಲಿನ ಮೈಕಿನಲ್ಲೇ ಸಂದರ್ಶನ ತೆಗೆದರೆ ಗಾಳಿಯೊಂದೇ ಉಳಿಯುತ್ತದೆ. ಎರಡನೆಯ ಮೊಬೈಲನ್ನು ಕೇವಲ ಧ್ವನಿ ದಾಖಲಿಸಲು ಇಟ್ಟುಕೊಂಡು, ಮಾತನಾಡುವವರ ಅಂಗಿಯ ಜೇಬಿನಲ್ಲಿ ಮೈಕ್ ಮೇಲ್ಮುಖವಾಗಿರುವಂತೆ ಇಡಿ, ಇಲ್ಲವೇ ತಂತಿಯ ಕಾಲರ್ ಮೈಕ್ ಒಂದನ್ನು ಕೊಳ್ಳಿ. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿಸಿದರೆ ಸಂಕಲನದಲ್ಲಿ ಚಿತ್ರವನ್ನೂ ಧ್ವನಿಯನ್ನೂ ಕೂಡಿಸುವುದು ಸುಲಭ. ಸಂದರ್ಶನವನ್ನು ಮನೆಯ ಪಡಸಾಲೆಯಲ್ಲಿ, ಫ್ಯಾನ್ ಮತ್ತು ಟಿವಿ ಆರಿಸಿ, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕೂರಿಸಿ ಮಾಡಿ. ಎದ್ದು ಬರುವ ಮೊದಲು ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಆ ಜಾಗದ ಸದ್ದನ್ನಷ್ಟೇ ದಾಖಲಿಸಿಕೊಳ್ಳಿ. ಎರಡು ತುಣುಕುಗಳ ನಡುವಿನ ಅಂತರ ತುಂಬಲು ಅದು ಬೇಕಾಗುತ್ತದೆ.

ಸಂಕಲನಕ್ಕೆ ಕುಳಿತುಕೊಳ್ಳುವ ಮೊದಲು ಮಕ್ಕಳು ಪ್ರತಿ ಸಂದರ್ಶನವನ್ನೂ ಕೇಳಿ, ಮುಖ್ಯ ಮಾತುಗಳನ್ನು ನಿಮಿಷ, ಸೆಕೆಂಡಿನ ಸಮೇತ ಚೀಟಿಗಳಲ್ಲಿ ಬರೆದು, ತರಗತಿಯ ನೆಲದ ಮೇಲೆ ಹರಡಿ ಜೋಡಿಸಲಿ. ಹದಿನಾಲ್ಕು ಜನ ಒಂದು ಕಂಪ್ಯೂಟರಿನ ಸುತ್ತ ಕೂತು ಜಗಳವಾಡುವುದು ಇದರಿಂದ ತಪ್ಪುತ್ತದೆ. ಮಾತನಾಡುವವರ ಭಾಷೆಯನ್ನು ತಿದ್ದಬೇಡಿ. "ನೀರು ಬಂದೈತ್ರಿ, ಎದ್ದೇಳ್ರಿ ಅಂತ ಕೂಗಿದ್ರು" ಎಂದು ಅಜ್ಜಿ ಹೇಳಿದರೆ ಅದು ಹಾಗೆಯೇ ಇರಲಿ. ಅದನ್ನು ಮಕ್ಕಳು ಪುಸ್ತಕದ ಕನ್ನಡದಲ್ಲಿ ಮತ್ತೆ ಹೇಳಿಸುವ ಅಭ್ಯಾಸವಿದೆ, ದಯವಿಟ್ಟು ತಡೆಯಿರಿ.

ಉತ್ತರ: ನಿವೃತ್ತ ನೌಕರ, ಬಳ್ಳಾರಿ

ಮೇಲಿನವರ ಮಾತಿನಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಮುಳುಗಡೆಯ ಕಥೆಯನ್ನು ಗ್ರಂಥಾಲಯಕ್ಕೆ ಬಿಡುವಂತಿಲ್ಲ, ಏಕೆಂದರೆ ಅದರ ಹೆಚ್ಚಿನ ಭಾಗ ಗ್ರಂಥಾಲಯದಲ್ಲಿ ಇಲ್ಲವೇ ಇಲ್ಲ. ನಮ್ಮ ಹಿರಿಯರು ನಾರಾಯಣದೇವರಕೆರೆಯವರು. ಊರು ಹಿನ್ನೀರಿನೊಳಗೆ ಹೋದ ಮೇಲೆ ಬಹಳ ಮಂದಿ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಎತ್ತಿನ ಬಂಡಿಯಲ್ಲಿ ಏನನ್ನು ಹೇರಿಕೊಂಡು ಬಂದರು, ಮನೆಯ ತೊಲೆ ಬಾಗಿಲುಗಳನ್ನು ಬಿಚ್ಚಿ ತಂದರೋ ಬಿಟ್ಟು ಬಂದರೋ, ಊರ ದೇವರನ್ನು ಯಾವ ದಿನ ಎಬ್ಬಿಸಿದರು ಎಂಬುದನ್ನು ಕಂಡು ಹೇಳಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಗೇಟ್ ಒಡೆದದ್ದನ್ನು ಕಂಡವರು ಇನ್ನೂ ಐವತ್ತು ವರ್ಷ ಇರುತ್ತಾರೆ.

ನಿಮ್ಮ ದಂಡೆಯ ಕಥೆ ನಮ್ಮದಕ್ಕಿಂತ ಬೇರೆ ಎಂಬುದನ್ನೂ ಮಕ್ಕಳಿಗೆ ಹೇಳಿ. ಕೊಪ್ಪಳ, ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲಿದ್ದವು, ನಾವು 1953ರ ಅಕ್ಟೋಬರ್ 1ರವರೆಗೆ ಮದರಾಸಿನವರು. ನದಿ ಒಂದೇ ಆದರೂ ಎರಡು ದಂಡೆಗಳಿಗೆ ಕಚೇರಿ ಬೇರೆ, ಕಾಗದದ ಭಾಷೆ ಬೇರೆ. ಹಿನ್ನೀರಿನ ಕಡೆಯ ಅಜ್ಜ ಅಜ್ಜಿಯರು ಯಾವ ಮಗುವಿನ ಮನೆಯಲ್ಲಾದರೂ ಇದ್ದರೆ, ಚಿತ್ರದಲ್ಲಿ ಜಾಗ ಸಿಗಲಿ ಬಿಡಲಿ, ಅವರ ಮಾತನ್ನು ಮೊದಲು ದಾಖಲಿಸಿ.

ಉತ್ತರ: ಪ್ರೌಢಶಾಲಾ ಶಿಕ್ಷಕ, ಸಿಂಧನೂರು

ಮೇಡಂ, ಕ್ಯಾಮೆರಾ ಮತ್ತು ನೋಟುಪುಸ್ತಕದ ಹಂಚಿಕೆಯನ್ನು ನೀವು ಗಮನಿಸಿದ್ದು ಬಹಳ ಸಂತೋಷದ ಸಂಗತಿ. ನನಗೆ ಈ ಇಡೀ ಯೋಜನೆಯಲ್ಲಿ ಅತ್ಯಂತ ಮುಖ್ಯವೆಂದು ಕಾಣುವುದು ಅದೇ. ಅದನ್ನು ಮಕ್ಕಳ ಇಷ್ಟಕ್ಕೆ ಬಿಡಬೇಡಿ. ನಾನು ಅನುಸರಿಸುವ ಕ್ರಮ ಹೀಗಿದೆ: ಗುಂಪನ್ನು ನಾಲ್ಕೈದು ಮಂದಿಯ ಸಣ್ಣ ತಂಡಗಳಾಗಿ ಮಾಡುತ್ತೇನೆ, ಪ್ರತಿ ಸಂದರ್ಶನಕ್ಕೂ ಒಂದೊಂದು ತಂಡ ಹೋಗುತ್ತದೆ, ಒಂದು ಸಂದರ್ಶನದಲ್ಲಿ ಕ್ಯಾಮೆರಾ ಹಿಡಿದವರು ಮುಂದಿನದರಲ್ಲಿ ಪ್ರಶ್ನೆ ಕೇಳಬೇಕು, ಅದರ ಮುಂದಿನದರಲ್ಲಿ ಧ್ವನಿ ನೋಡಿಕೊಳ್ಳಬೇಕು. ಹೀಗಾದಾಗ ಮಾತು ಕಡಿಮೆಯಿರುವ ಹುಡುಗನೂ ಹಿರಿಯರೊಬ್ಬರ ಎದುರು ಕೂತು ಪ್ರಶ್ನೆ ಕೇಳಲೇಬೇಕಾಗುತ್ತದೆ, ಹುಡುಗಿಯೂ ಕಾಲುವೆ ಏರಿಯ ಮೇಲೆ ನಿಂತು ಚೌಕಟ್ಟು ಕಟ್ಟಬೇಕಾಗುತ್ತದೆ. ಹೆಣ್ಣುಮಕ್ಕಳನ್ನು ಸಂಜೆ ಹೊರಗೆ ಕಳುಹಿಸಲು ಮನೆಯವರು ಒಪ್ಪದಿದ್ದರೆ ಚಿತ್ರೀಕರಣದ ಹೊತ್ತನ್ನು ಬದಲಿಸಿ, ಹುಡುಗಿಯರನ್ನಲ್ಲ. ಮಹಿಳೆಯರ ಸಂದರ್ಶನಕ್ಕೆ ವಿದ್ಯಾರ್ಥಿನಿಯರೇ ಹೋದರೆ ಅಡುಗೆಮನೆಯ ತನಕ ಪ್ರವೇಶ ಸಿಗುತ್ತದೆ, ಮಾತೂ ಬಿಚ್ಚಿಕೊಳ್ಳುತ್ತದೆ.

ಅಂಕದ ವಿಷಯದಲ್ಲಿ, ಮುಗಿದ ಚಿತ್ರಕ್ಕೆ ಎಲ್ಲರಿಗೂ ಸಮಾನ ಅಂಕ ಕೊಟ್ಟು, ಉಳಿದ ಅರ್ಧವನ್ನು ಪ್ರತಿಯೊಬ್ಬರ ದಿನಚರಿಗೆ ಮೀಸಲಿಡಿ. ಇಂದು ಏನು ಮಾಡಿದೆ, ಏನು ಕೇಳಿದೆ, ಯಾವ ನಿರ್ಧಾರಕ್ಕೆ ಒಪ್ಪಲಿಲ್ಲ, ಏಕೆ ಎಂದು ನಾಲ್ಕು ಸಾಲು ಬರೆದರೆ ಸಾಕು. ರೂಪಣಾತ್ಮಕ ಮೌಲ್ಯಮಾಪನದ ಕಡತಕ್ಕೂ ಅದೇ ದಾಖಲೆಯಾಗುತ್ತದೆ.

ಒಂದು ಕೋರಿಕೆಯೂ ಇದೆ. ಆ ವಾರ ನಿಮ್ಮ ಊರುಗಳಲ್ಲಿ ನೀರು ನುಗ್ಗೀತೆಂಬ ಭಯವಿದ್ದರೆ, ನಮ್ಮ ಕಡೆ ನೀರೇ ಬಾರದೆ ಹೋದೀತೆಂಬ ಭಯವಿತ್ತು. ಎಡದಂಡೆ ಕಾಲುವೆಯ ಮೈಲ್ 104ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಎಂಬುದೇ ಇಲ್ಲಿಯ ರೈತರ ನಿತ್ಯದ ಮಾತು; ಕಾಲುವೆಯ ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ಒಳ್ಳೆಯ ವರ್ಷದಲ್ಲೂ ನೀರಿಗಾಗಿ ಹೋರಾಡುವವರು. ನಿಮ್ಮ ಚಿತ್ರದಲ್ಲಿ ಕೊನೆಭಾಗದ ಒಬ್ಬ ರೈತನ ಮಾತಿಗೆ ಒಂದು ನಿಮಿಷ ಸಿಗುವುದಾದರೆ, ನಮ್ಮ ಶಾಲೆಯ ಮಕ್ಕಳು ಅದನ್ನು ಚಿತ್ರಿಸಿ ಕಳುಹಿಸಿಕೊಡಲು ಸಿದ್ಧರಿದ್ದಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇವೆಲ್ಲವನ್ನೂ ಮಕ್ಕಳಿಗೆ ಓದಿ ಹೇಳಿದೆ. ಬಹಳ ಹೊತ್ತು ಚರ್ಚೆಯಾಯಿತು. ಚಿತ್ರವು ಆಗಸ್ಟ್ 10ರ ರಾತ್ರಿಯಿಂದ ಗೇಟ್ ಮುಚ್ಚುವವರೆಗಿನ ಆ ಒಂದು ವಾರದ ಕುರಿತೇ ಇರಲಿ, ಮುಳುಗಡೆಯ ಹಿರಿಯರ ಮಾತುಗಳನ್ನು ಕತ್ತರಿಸದೆ ಪೂರ್ತಿಯಾಗಿ ದಾಖಲಿಸಿ ಶಾಲೆಯ ಗ್ರಂಥಾಲಯದಲ್ಲಿ ಬೇರೆಯಾಗಿ ಇಡೋಣ ಎಂದು ತೀರ್ಮಾನಿಸಿದ್ದಾರೆ. ಇಬ್ಬರು ಹುಡುಗಿಯರು ಈ ಎರಡನೆಯ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ. ಒಬ್ಬಳ ಮುತ್ತಜ್ಜಿ ಹಿನ್ನೀರಿನ ಊರಿನವರಂತೆ. ಸಿಂಧನೂರಿನ ಸರ್, ನಿಮ್ಮ ಮಕ್ಕಳ ಒಂದು ನಿಮಿಷ ನಮಗೆ ಖಂಡಿತ ಬೇಕು.

ಇನ್ನುಳಿದದ್ದು ಅನುಮತಿಯ ವಿಚಾರ. ಅಣೆಕಟ್ಟೆಯ ಮೇಲೆ ಚಿತ್ರೀಕರಿಸಬಹುದೇ? ಒಬ್ಬ ಪಾಲಕರು ಡ್ರೋನ್ ತರಿಸಿಕೊಡುತ್ತೇನೆ ಎಂದಿದ್ದಾರೆ. ಟಿವಿ ವಾಹಿನಿಗಳ ಆ ದಿನದ ದೃಶ್ಯಗಳನ್ನು ಬಳಸಬಹುದೇ?

ಉತ್ತರ: ವಕೀಲೆ, ರಾಯಚೂರು

ಡ್ರೋನ್ ಯೋಚನೆಯನ್ನು ಕೈಬಿಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಾರಾಟದ ವಲಯಗಳಿಗೆ ನಿರ್ಬಂಧಗಳಿವೆ, ಅಣೆಕಟ್ಟೆಯಂಥ ಸ್ಥಳದಲ್ಲಿ ಭದ್ರತೆಯ ಪ್ರಶ್ನೆಯೂ ಸೇರುತ್ತದೆ; ಶಾಲಾ ಯೋಜನೆಗೆ ಆ ತಾಪತ್ರಯ ಬೇಡ. ಅಣೆಕಟ್ಟೆಯ ಮೇಲಿನ ಚಿತ್ರೀಕರಣಕ್ಕೆ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ತುಂಗಭದ್ರಾ ಮಂಡಳಿಗೆ ಮುಂಚಿತವಾಗಿ ಪತ್ರ ಬರೆಯಿರಿ, ಅದರಲ್ಲೇ ಒಬ್ಬ ಎಂಜಿನಿಯರರ ಸಂದರ್ಶನವನ್ನೂ ಕೇಳಿ. ಅನುಮತಿ ಸಿಗದಿದ್ದರೆ ಸಾರ್ವಜನಿಕ ರಸ್ತೆಯಿಂದ ಕಾಣುವಷ್ಟೇ ಸಾಕು.

ಟಿವಿ ದೃಶ್ಯಗಳ ಬಗ್ಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ಪಾಠದ ಸಂದರ್ಭದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಕೃತಿಗಳನ್ನು ಬಳಸುವುದಕ್ಕೆ ವಿನಾಯಿತಿ ಇದೆ. ಆದರೆ ನಾಳೆ ಆ ಚಿತ್ರವನ್ನು ಯೂಟ್ಯೂಬಿಗೆ ಹಾಕಿದರೆ ಅದು ತರಗತಿಯ ಪಾಠವಾಗಿ ಉಳಿಯುವುದಿಲ್ಲ. ಚಲನಚಿತ್ರ ಹಾಡುಗಳಿಗೂ ಇದೇ ಮಾತು. ಊರಿನವರೇ ಆ ದಿನ ಮೊಬೈಲಿನಲ್ಲಿ ತೆಗೆದ ತುಣುಕುಗಳು ಎಷ್ಟೋ ಇರುತ್ತವೆ. ತೆಗೆದವರಿಂದ ಒಪ್ಪಿಗೆ ಬರೆಸಿಕೊಂಡು ಅವನ್ನು ಬಳಸಿ, ಕೊನೆಯಲ್ಲಿ ಅವರ ಹೆಸರು ಹಾಕಿ. ಆದರೆ ವಾಟ್ಸಾಪಿನಲ್ಲಿ ಆಗ ಬೇರೆ ಅಣೆಕಟ್ಟೆಯ ದೃಶ್ಯಗಳೂ ಹರಿದಾಡಿರಬಹುದಾದ್ದರಿಂದ, ಯಾರು, ಎಲ್ಲಿ ನಿಂತು ತೆಗೆದದ್ದು ಎಂದು ಮಕ್ಕಳು ಖಚಿತಪಡಿಸಿಕೊಳ್ಳದೆ ಒಂದನ್ನೂ ಸೇರಿಸಬಾರದು.

ಸಂದರ್ಶನ ಕೊಡುವವರು ತಮ್ಮ ಹೆಸರು ಹೇಳಿ, ಚಿತ್ರವನ್ನು ಎಲ್ಲೆಲ್ಲಿ ತೋರಿಸಲು ಒಪ್ಪಿದ್ದೇನೆಂದು ಕ್ಯಾಮೆರಾ ಮುಂದೆಯೇ ಹೇಳಲಿ. ಓದು ಬರಹ ಬಾರದ ಹಿರಿಯರಿಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಇದು ಗೌರವದ ದಾರಿ. ಮಕ್ಕಳು ಪರದೆಯ ಮೇಲೆ ಬರುವುದಕ್ಕೆ ಪಾಲಕರ ಲಿಖಿತ ಒಪ್ಪಿಗೆ ಇರಲೇಬೇಕು.

ಉತ್ತರ: ಛಾಯಾಗ್ರಾಹಕ, ಬಳ್ಳಾರಿ

ಹಿರಿಯರ ದಾಖಲೆಯನ್ನು ಬೇರೆಯಾಗಿ ಇಡುವ ತೀರ್ಮಾನ ನನ್ನ ಸಲಹೆಗಿಂತ ಉತ್ತಮವಾಗಿದೆ. ಅದಕ್ಕಾಗಿ ಒಂದು ಮಾತು: ಮೊಬೈಲಿನ ವಿಡಿಯೊ ನಿಮಿಷಕ್ಕೆ ಸುಮಾರು 100 ಎಂಬಿ ಜಾಗ ತಿನ್ನುತ್ತದೆ, ಪಾಲಕರ ಫೋನ್ ತುಂಬಿದ ಕೂಡಲೇ ಮನೆಯಲ್ಲಿ ಯಾರಾದರೂ ಅಳಿಸಿಬಿಡುತ್ತಾರೆ. ಪ್ರತಿ ಸಂಜೆ ಶಾಲೆಯ ಕಂಪ್ಯೂಟರಿಗೂ ಒಂದು ಹಾರ್ಡ್ ಡಿಸ್ಕಿಗೂ ನಕಲು ಮಾಡಿ, ಕಡತಕ್ಕೆ ದಿನಾಂಕ ಮತ್ತು ಊರಿನ ಹೆಸರು ಕೊಡುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಸಂಕಲನಕ್ಕೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಹಾಕಿಕೊಳ್ಳಿ. ಎರಡೂ ಉಚಿತ, ಕನ್ನಡ ಯೂನಿಕೋಡ್ ಅಕ್ಷರಗಳನ್ನೂ ತೋರಿಸುತ್ತವೆ. ನಿಮ್ಮ ಕಂಪ್ಯೂಟರ್ ತೀರಾ ನಿಧಾನವಾದರೆ ಚಿತ್ರದ ಸ್ಪಷ್ಟತೆಯನ್ನು 720ಪಿಗೆ ಇಳಿಸಿದ ಪ್ರತಿಗಳ ಮೇಲೆ ಕೆಲಸ ಮಾಡಿ.

ಚಿತ್ರ ಪೂರ್ತಿಯಾಗುವ ಮುನ್ನ, ಕರಡು ಇರುವಾಗಲೇ, ಮಾತನಾಡಿದವರನ್ನು ಶಾಲೆಗೆ ಕರೆದು ಒಮ್ಮೆ ತೋರಿಸಿ. ತಮ್ಮ ಮಾತು ಬೇರೆ ಅರ್ಥಕ್ಕೆ ತಿರುಗಿದೆ ಎಂದು ಯಾರಾದರೂ ಹೇಳಿದರೆ ಅದನ್ನು ಸರಿಪಡಿಸಲು ಆಗ ಇನ್ನೂ ಸಮಯವಿರುತ್ತದೆ.