ಪಿಜಿ ರೆಸಿಡೆಂಟುಗಳ (ಸ್ನಾತಕೋತ್ತರ ಓದುತ್ತ ಆಸ್ಪತ್ರೆಯಲ್ಲಿ ದುಡಿಯುವ ವೈದ್ಯರ) ಬೆಂಬಲ ಗುಂಪು: ಹೇಗೆ ನಡೆಸುವುದು?

ಪ್ರಶ್ನೆ (ಎರಡನೇ ವರ್ಷದ ಪಿಜಿ, ಮಂಗಳೂರು):
ಹಾಸ್ಟೆಲಿನಲ್ಲಿ ಮೆಡಿಸಿನ್, ಸರ್ಜರಿ, ಒಬಿಜಿಯವರಿಗೆ (ಹೆರಿಗೆ-ಸ್ತ್ರೀರೋಗ ವಿಭಾಗ) ಕಷ್ಟ ಹೇಳಿಕೊಳ್ಳಲು ಒಂದು ಗುಂಪು ಮಾಡಬೇಕೆಂದಿದೆ. ವಾಟ್ಸಾಪ್ ಸಾಕೇ? ಎಷ್ಟು ಜನ ಇರಬೇಕು?

ಉತ್ತರ 1:
ವಾಟ್ಸಾಪ್ ಸಮಯ ತಿಳಿಸಲಿಕ್ಕೆ ಮಾತ್ರ ಮಾರಾಯ್ರೆ. ಒಂದು ಸ್ಕ್ರೀನ್‌ಶಾಟ್ ಹೊರಗೆ ಹೋದರೆ ನಂಬಿಕೆ ಮುಗಿಯಿತು. ಆರರಿಂದ ಎಂಟು ಜನ, 15 ದಿನಕ್ಕೊಮ್ಮೆ, 45 ನಿಮಿಷ ಸಾಕು. ನೈಟ್ ಡ್ಯೂಟಿ ಮುಗಿಸಿದವರನ್ನು ಅದೇ ಬೆಳಿಗ್ಗೆ ಕರೆಯಬೇಡಿ, ಅವರಿಗೆ ಬೇಕಾದ್ದು ನಿದ್ದೆ. ಒಂದೇ ಯೂನಿಟ್ಟಿನ ಸೀನಿಯರ್ ಎದುರಿಗಿದ್ದರೆ ಜೂನಿಯರ್ ಬಾಯಿ ಬಿಡುವುದಿಲ್ಲ, ಹಾಗಾಗಿ ವಿಭಾಗ ಬೆರೆಸಿ. ಹಾಜರಿ ಪುಸ್ತಕ, ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ವರದಿ ಎರಡೂ ಬೇಡ.

ಉತ್ತರ 2 (ಸೈಕಿಯಾಟ್ರಿ):
ಗುಂಪಿನಲ್ಲಿ ಕಷ್ಟ ಕೇಳಿಸಿಕೊಳ್ಳುವವರು ಚಿಕಿತ್ಸೆಗೆ ಇಳಿಯಬಾರದು. ಗೆಳೆಯನಿಗೆ ಕಾರಿಡಾರಿನಲ್ಲೇ ಮಾತ್ರೆ ಬರೆದುಕೊಡುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಬರ್ನ್‌ಔಟ್ (ಕೆಲಸದ ಒತ್ತಡದಿಂದ ಬಸವಳಿಯುವುದು) ಕಾಯಿಲೆಯಲ್ಲ, ಕೆಲಸಕ್ಕೆ ಅಂಟಿದ ಸ್ಥಿತಿ. ರಜೆಯಲ್ಲಿ ಊರಿಗೆ ಹೋದರೂ ಮನಸ್ಸು ಏಳದಿದ್ದರೆ ಖಿನ್ನತೆಯಿದೆಯೇ ನೋಡಿ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9ರಲ್ಲಿ 10 ಅಂಕ ಅಥವಾ ಹೆಚ್ಚು ಬಂದರೆ ತಜ್ಞರಿಗೆ ತೋರಿಸಿ. ಸಾಯುವ ಇಲ್ಲವೇ ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗೆಗಿನ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಒಟ್ಟು ಅಂಕ ಎಣಿಸುತ್ತ ಕೂರಬೇಡಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದೆ ಎಂದರೆ ಒಬ್ಬರನ್ನೇ ಬಿಡದೆ ಆಗಲೇ ತಜ್ಞರ ಬಳಿ ಕರೆದೊಯ್ಯಿರಿ. ಸ್ವಂತ ಕಾಲೇಜಿನಲ್ಲಿ ತೋರಿಸಲು ಸಂಕೋಚವಾದರೆ, ಮಂಗಳೂರು–ದೇರಳಕಟ್ಟೆ ನಡುವೆ ಬೇರೆ ಮೆಡಿಕಲ್ ಕಾಲೇಜುಗಳಿಗೇನು ಕೊರತೆ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ.

ಉತ್ತರ 3:
ರೋಸ್ಟರ್ (ಡ್ಯೂಟಿ ಪಟ್ಟಿ) ಮುಟ್ಟದ ಗುಂಪು ಬೇಗ ಸೊರಗುತ್ತದೆ. ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2023ರ ಪಿಜಿ ನಿಯಮದಲ್ಲಿ ವಾರದ ರಜೆ, ವರ್ಷಕ್ಕೆ 20 ದಿನ ಕ್ಯಾಶುವಲ್ ಲೀವ್ ಇದೆ. ಯಾರ ಹೆಸರೂ ಹಾಕದೆ, ತಿಂಗಳ ಡ್ಯೂಟಿ ಪಟ್ಟಿಯನ್ನೇ ಲಗತ್ತಿಸಿ ಈ ರಜೆಗಳನ್ನು ಕೇಳಿ.