ಚಿತ್ರದುರ್ಗದ ಪಿನ್‌ಕೋಡ್ 577501 ಅವಿಭಾಜ್ಯ ಸಂಖ್ಯೆಯೇ?

ಕೋಟೆಬಾಗಿಲು:
ಹೈಸ್ಕೂಲ್ ಮಕ್ಕಳ ಗಣಿತ ಚಟುವಟಿಕೆಗೆ ಊರಿನ ಪಿನ್‌ಕೋಡನ್ನೇ ಆರಿಸಿದ್ದೇನೆ. 577501 ಅನ್ನು 2ರಿಂದ 199ರವರೆಗಿನ 46 ಅವಿಭಾಜ್ಯಗಳಿಂದಲೂ ಭಾಗಿಸಿದ್ದಾಯ್ತು, ಎಲ್ಲದಕ್ಕೂ ಶೇಷ ಉಳಿಯುತ್ತೆ. ಅವಿಭಾಜ್ಯ ಅಂತ ಬೋರ್ಡ್ ಮೇಲೆ ಬರೆಯಬಹುದಾ?

ಶೇಷಗಣಿತ:
ಬರೆಯಬೇಡಿ ಸರ್, ಅದು ಅವಿಭಾಜ್ಯ ಅಲ್ಲ. ವರ್ಗಮೂಲ 759.9 ಬರುತ್ತೆ, ಹಾಗಾಗಿ 757ರವರೆಗೆ ಒಟ್ಟು 134 ಅವಿಭಾಜ್ಯಗಳನ್ನು ನೋಡಬೇಕು. 58ನೆಯದಾದ 271ಕ್ಕೇ ಸಿಕ್ಕಿಬೀಳುತ್ತೆ: 271 × 2000 = 542000, 271 × 131 = 35501, ಕೂಡಿಸಿದರೆ 577501. ಅಂದರೆ 271 × 2131.

ನೀವು 199ರವರೆಗೆ ಮಾಡಿದ್ದು ದಂಡವಾಗಿಲ್ಲ. 2131ಕ್ಕೆ ಸಣ್ಣ ಅಪವರ್ತನ ಇದ್ದಿದ್ದರೆ ಅದು 577501 ಅನ್ನೂ ಭಾಗಿಸಬೇಕಿತ್ತು. ಹಾಗಾಗಿ 2131 ಅವಿಭಾಜ್ಯ ಅನ್ನೋದು ಈಗಾಗಲೇ ಸಾಬೀತು!

ಮೋಸ ಹೋಗೋದಕ್ಕೆ ಕಾರಣ ಪಕ್ಕದ ಸಂಖ್ಯೆ. 577500 = 2² × 3 × 5⁴ × 7 × 11. ಅದಕ್ಕೇ 2, 3, 5, 7, 11 ಯಾವುದರಿಂದ ಭಾಗಿಸಿದರೂ ಶೇಷ 1.

ಕೋಟೆಬಾಗಿಲು:
ಅಬ್ಬಾ, ಧನ್ಯವಾದ. ಇದನ್ನು ಬೇರೆ ಯಾವ ಗುಂಪಿಗೆ ಸೇರಿಸಬಹುದು?

ಬೆಣ್ಣೆದೋಸೆ_ದಾವಣಗೆರೆ:
ಭಾಜಕಗಳು ನಾಲ್ಕೇ: 1, 271, 2131, 577501. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 2403, ಸಂಖ್ಯೆಗಿಂತ ಕಡಿಮೆ, ಆದ್ದರಿಂದ ನ್ಯೂನ ಸಂಖ್ಯೆ. ಪಕ್ಕದ 577500ಕ್ಕೆ 120 ಭಾಜಕ, ಅದನ್ನು ಬಿಟ್ಟು ಮೊತ್ತ 15,21,828, ಸಂಖ್ಯೆಗಿಂತ ಹೆಚ್ಚು, ಹಾಗಾಗಿ ಅದು ಸಮೃದ್ಧ ಸಂಖ್ಯೆ. ಇಬ್ಬರೂ ಅಕ್ಕಪಕ್ಕದ ಮನೆಯವರು, ಸ್ವಭಾವ ಮಾತ್ರ ಅಜಗಜಾಂತರ.

ನನಗೆ ತುಂಬಾ ಇಷ್ಟವಾದ ಗುಣ ಬೇರೆ. 271, 2131 ಎರಡನ್ನೂ 4ರಿಂದ ಭಾಗಿಸಿದರೆ ಶೇಷ 3 (ಕೊನೆಯ ಎರಡಂಕಿ ನೋಡಿದರೆ ಸಾಕು: 71, 31). ಇಂಥ ಎರಡು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧಕ್ಕೆ ಬ್ಲಮ್ ಪೂರ್ಣಾಂಕ ಅಂತ ಹೆಸರು. ನಮ್ಮ ದಾವಣಗೆರೆಯ 577001 = 23 × 25087, ಅದೂ ಬ್ಲಮ್ ಪೂರ್ಣಾಂಕವೇ! 577501 ಅನ್ನು 4ರಿಂದ ಭಾಗಿಸಿದರೆ ಶೇಷ 1 ಇದೆ ಅಂತ ಎರಡು ವರ್ಗಗಳ ಮೊತ್ತವಾಗಿ ಬರೆಯೋಕೆ ಮಕ್ಕಳು ಹುಡುಕಾಡಬಹುದು. ಸಿಗೋದಿಲ್ಲ. ಶೇಷ 3 ಕೊಡುವ ಅವಿಭಾಜ್ಯ ಒಂಟಿಯಾಗಿ ಬಂದರೆ ಅದು ಅಸಾಧ್ಯ.

ಶೇಷಗಣಿತ:
ಭಾಗಿಸದೆಯೂ ಪರೀಕ್ಷಿಸಬಹುದು. 2ರ 577500ನೇ ಘಾತವನ್ನು 577501ರಿಂದ ಭಾಗಿಸಿದಾಗ ಶೇಷ 1 ಬರದಿದ್ದರೆ ಅವಿಭಾಜ್ಯ ಖಂಡಿತ ಅಲ್ಲ. ಇಲ್ಲಿ 1 ಬರಲ್ಲ. ನೇರವಾಗಿ ಘಾತ ಹಾಕಬೇಡಿ, 1,73,845 ಅಂಕಿಯ ಸಂಖ್ಯೆಯಾಗುತ್ತೆ, ಕ್ಯಾಲ್ಕುಲೇಟರ್ ಎರರ್ ತೋರಿಸುತ್ತೆ. ವರ್ಗ ಮಾಡಿ ಶೇಷ ತೆಗೆಯಿರಿ, ಮತ್ತೆ ವರ್ಗ ಮಾಡಿ. ಹೀಗೆ 19 ವರ್ಗ, ನಡುನಡುವೆ ಬೇಕಾದಲ್ಲಿ 2ರಿಂದ ಗುಣಿಸೋದು, ಅಷ್ಟೇ. ನಡುವಿನ ಉತ್ತರ 12 ಅಂಕಿವರೆಗೆ ಹೋಗುತ್ತೆ, ಅಂಗಡಿಯಲ್ಲಿಡುವ 8 ಅಂಕಿಯ ಕ್ಯಾಲ್ಕುಲೇಟರ್ ಸಾಲದು.

ಶೇಷ 1 ಬಂದುಬಿಟ್ಟರೆ ಮಾತ್ರ ನಂಬಬೇಡಿ. 341 = 11 × 31, ಆದರೂ 2ರ 340ನೇ ಘಾತಕ್ಕೆ ಶೇಷ 1.