ಹಳೆಯ ಲಾರಿಯ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಪಟ್ಟಿಗಳು ಮಂಕಾಗಿವೆ, ಎಷ್ಟು ಉಜ್ಜಿದರೂ ಹೊಳಪು ಬರುತ್ತಿಲ್ಲ

ಪ್ರಶ್ನೆ (ದಾವಣಗೆರೆ)

ನಮಸ್ಕಾರ. ನಮ್ಮ ತಂದೆಯವರು ಬಹಳ ವರ್ಷ ಓಡಿಸಿದ ಟಾಟಾ 1210 ಲಾರಿಯನ್ನು ಬಿಡುವಾದಾಗಲೆಲ್ಲ ಒಂದೊಂದೇ ಭಾಗವಾಗಿ ಸರಿಪಡಿಸುತ್ತಿದ್ದೇನೆ. ಸುಗ್ಗಿಯಲ್ಲಿ ಮೆಕ್ಕೆಜೋಳ, ಉಳಿದ ದಿನಗಳಲ್ಲಿ ಸಿಮೆಂಟ್ ಮೂಟೆ ಹೊತ್ತು ದುಡಿದ ಗಾಡಿ ಇದು. ಕ್ಯಾಬಿನ್ ಕಿಟಕಿಗಳ ಕೆಳಗೂ ಫುಟ್‌ಬೋರ್ಡಿನ ಅಂಚಿಗೂ ಬಾಡಿ ಕಟ್ಟಿದವರು ಬೆಳ್ಳಿಬಣ್ಣದ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಬೀಡಿಂಗ್ ಕೂರಿಸಿದ್ದಾರೆ. ಕಳೆದ ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸ್‌ಗೆ ಬಿಟ್ಟಾಗ, ಅಲ್ಲಿನವರು ಗ್ರೀಸ್ ತೆಗೆಯುವ ದ್ರಾವಣವನ್ನು ಮೇಲಿನಿಂದ ಕೆಳಗಿನವರೆಗೂ ಸಿಂಪಡಿಸಿ ಸ್ವಲ್ಪ ಹೊತ್ತು ಬಿಸಿಲಿನಲ್ಲೇ ಬಿಟ್ಟಿದ್ದರು. ಅಂದಿನಿಂದ ಪಟ್ಟಿಗಳ ಮೇಲೆ ಬಿಳಿಯ ಮಂಕು ಕವಿದಿದೆ. ಮಳೆನೀರು ಇಳಿದಂಥ ಗೆರೆಗಳೂ ಕಾಣುತ್ತಿವೆ.

ಮೂರು ಭಾನುವಾರ ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಿದೆ. ಕಿಟಕಿಯ ಪಟ್ಟಿಗಳು ಸ್ವಲ್ಪವೂ ಬದಲಾಗಲಿಲ್ಲ. ಫುಟ್‌ಬೋರ್ಡಿನ ಪಟ್ಟಿಯಲ್ಲಿ ಅಂಗೈಯಗಲ ಜಾಗ ಮಾತ್ರ ಕನ್ನಡಿಯಂತೆ ಹೊಳೆಯುತ್ತಿದೆ, ಅದರ ಸುತ್ತ ಕಲೆಗಳು ಹಾಗೆಯೇ ಉಳಿದಿವೆ. ಇನ್ನೂ ಒರಟಾದ ಪಾಲಿಶ್ ತರಬೇಕೇ? ಒಂದೇ ಗಾಡಿಯ ಎರಡು ಪಟ್ಟಿಗಳು ಹೀಗೆ ಬೇರೆ ಬೇರೆಯಾಗಿ ವರ್ತಿಸಲು ಕಾರಣವೇನು?

ಉತ್ತರ (ಚಿತ್ರದುರ್ಗ)

ದಯವಿಟ್ಟು ಪಾಲಿಶ್ ಡಬ್ಬಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ ಸರ್. ಒರಟು ಪಾಲಿಶ್‌ನ ಯೋಚನೆಯನ್ನಂತೂ ಮಾಡಲೇಬೇಡಿ.

ಆನೊಡೈಸ್ ಮಾಡಿದ ಪಟ್ಟಿಯಲ್ಲಿ ನಿಮ್ಮ ಬಟ್ಟೆ ಮುಟ್ಟುವುದು ಲೋಹವನ್ನಲ್ಲ. ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಅಲ್ಯೂಮಿನಿಯಂನ ಮೈಯಿಂದಲೇ ಬೆಳೆಸಿದ ಆಕ್ಸೈಡ್ ಪದರ ಅಲ್ಲಿರುತ್ತದೆ. ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್ ದಪ್ಪವಿರುವ ಈ ಪದರ ಲೋಹಕ್ಕಿಂತ ಬಹಳ ಗಟ್ಟಿ, ಪಾರದರ್ಶಕ. ನಾವು ನೋಡುವ ಹೊಳಪು ಪದರದ ಅಡಿಯಲ್ಲಿರುವ ಲೋಹದ್ದಾದ್ದರಿಂದ, ಮೇಲಿನಿಂದ ಎಷ್ಟು ತಿಕ್ಕಿದರೂ ಆ ಲೋಹ ನಮ್ಮ ಕೈಗೆ ಸಿಗುವುದಿಲ್ಲ. ನಿಮ್ಮ ಕಿಟಕಿಯ ಪಟ್ಟಿಯಲ್ಲಿ ಪದರ ಇನ್ನೂ ಜೀವಂತವಾಗಿರುವಂತೆ ತೋರುತ್ತದೆ. ಫುಟ್‌ಬೋರ್ಡಿನ ಹೊಳೆಯುವ ಜಾಗದಲ್ಲಿ ಪದರ ಹರಿದು ಬರಿಯ ಲೋಹ ಹೊರಬಂದಿರಬೇಕು.

ಈ ಪದರಕ್ಕೆ ಕ್ಷಾರ ದೊಡ್ಡ ಶತ್ರು. ಎಂಜಿನ್ನಿನ ಜಿಡ್ಡು ತೆಗೆಯುವ ಅನೇಕ ದ್ರಾವಣಗಳಲ್ಲಿ ಕಾಸ್ಟಿಕ್ ಇರುತ್ತದೆ, ವಾಷಿಂಗ್ ಸೋಡಾ ಕೂಡ ಕ್ಷಾರವೇ. ನೀರು ತಾಗಿದ ಸಿಮೆಂಟ್ ಧೂಳು ಇವೆಲ್ಲಕ್ಕಿಂತ ಮೆಲ್ಲಗೆ, ಯಾರ ಕಣ್ಣಿಗೂ ಬೀಳದಂತೆ ತಿನ್ನುತ್ತದೆ. ಸಿಮೆಂಟ್ ಹೊರುತ್ತಿದ್ದ ಗಾಡಿಯಲ್ಲಿ ಧೂಳು ಹೆಚ್ಚಾಗಿ ಕೂರುವ ಫುಟ್‌ಬೋರ್ಡಿನ ಪಟ್ಟಿಯೇ ಮೊದಲು ಸೋತಿದ್ದು ಸಹಜವಾಗಿಯೇ ಇದೆ. ಪಾತ್ರೆಗೆ ಹಾಕುವ ಬೂದಿಯನ್ನೂ ಹುಣಸೆಹಣ್ಣನ್ನೂ ಇದರ ಹತ್ತಿರ ತರಬಾರದು, ಒಂದು ಕ್ಷಾರವಾದರೆ ಇನ್ನೊಂದು ಆಮ್ಲ.

ಮುಂದಿನ ಕೆಲಸಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಅದರ ಎರಡೂ ಕಡ್ಡಿಗಳನ್ನು ಅಡ್ಡವಾಗಿ ಮಲಗಿಸಿ ಪಟ್ಟಿಗೆ ಹಗುರವಾಗಿ ತಾಗಿಸಿ. ಚೂಪು ತುದಿಯನ್ನು ಒತ್ತಿದರೆ ಅದೇ ಪದರವನ್ನು ಚುಚ್ಚಿ ಸುಳ್ಳು ಹೇಳಿಬಿಡುತ್ತದೆ. ಆಕ್ಸೈಡ್ ಪದರ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ, ಪದರವಿದ್ದಲ್ಲಿ ಮೀಟರ್ ಏನನ್ನೂ ತೋರಿಸದು, ಪದರ ಹೋದಲ್ಲಿ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಉಜ್ಜಿದ ಬಟ್ಟೆಯ ಬಣ್ಣವೂ ಇದನ್ನೇ ಹೇಳುತ್ತದೆ: ಬರಿಯ ಅಲ್ಯೂಮಿನಿಯಂ ಮೇಲೆ ಉಜ್ಜಿದ ಬಟ್ಟೆ ತಕ್ಷಣ ಕಪ್ಪಾಗುತ್ತದೆ. ಫಲಿತಾಂಶವನ್ನು ಪಟ್ಟಿ ಪಟ್ಟಿಯಾಗಿ ಬರೆದು ತಿಳಿಸಿ.

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆಯೇ ಆಗಿದೆ. ಕಿಟಕಿಯ ನಾಲ್ಕು ಪಟ್ಟಿಗಳಲ್ಲಿ ಮೀಟರ್ ಎಲ್ಲಿಯೂ ಅಲುಗಲಿಲ್ಲ. ಫುಟ್‌ಬೋರ್ಡಿನ ಎರಡು ಪಟ್ಟಿಗಳಲ್ಲಿ ಹೊಳೆಯುವ ಜಾಗದಲ್ಲಿ ಮಾತ್ರವಲ್ಲದೆ ಕಲೆಗಳ ನಡುನಡುವೆಯೂ ಸೊನ್ನೆ ತೋರಿಸುತ್ತಿದೆ, ಬಟ್ಟೆ ಕಪ್ಪಾಗುವುದೂ ಅಲ್ಲಿಯೇ. ಕಿಟಕಿಯ ಪಟ್ಟಿಯ ಬಿಳಿಯ ಚುಕ್ಕೆಗಳು ಉಗುರಿಗೆ ಉಬ್ಬಾಗಿ ಸಿಗುತ್ತವೆ, ಆದರೆ ಇಳಿಗೆರೆಗಳು ಸಿಗುವುದಿಲ್ಲ. ನಾವು ತೊಳೆಯುವುದು ಬೋರ್‌ವೆಲ್ ನೀರಿನಲ್ಲಿ.

ಉತ್ತರ (ಚಿತ್ರದುರ್ಗ)

ಹಾಗಾದರೆ ಎರಡು ಬೇರೆ ಕೆಲಸಗಳಿವೆ, ಅವನ್ನು ಬೆರೆಸಬೇಡಿ.

ಕಿಟಕಿಯ ಪಟ್ಟಿಗಳ ಉಬ್ಬು ಚುಕ್ಕೆಗಳು ನಮ್ಮ ಕಡೆಯ ಗಡಸು ನೀರು ಆರಿ ಉಳಿದ ಸುಣ್ಣ. ಬೆಳಗಿನ ಹೊತ್ತು ನೆರಳಿನಲ್ಲಿ, ಲೋಹ ತಣ್ಣಗಿರುವಾಗ, ಕಾರು ತೊಳೆಯುವ ಸೌಮ್ಯ ಶಾಂಪೂ ಹಾಕಿ ಧೂಳನ್ನೆಲ್ಲ ತೆಗೆಯಿರಿ. ನಂತರ ಒಂದು ಪಾಲು ಬಿಳಿ ವಿನೆಗರಿಗೆ ಹತ್ತು ಪಾಲು ನೀರು ಬೆರೆಸಿ, ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಚುಕ್ಕೆಗಳ ಮೇಲೆ ಒದ್ದೆ ಬಟ್ಟೆಯನ್ನು ಎರಡು ನಿಮಿಷ ಮಾತ್ರ ಇರಿಸಿ, ಧಾರಾಳವಾಗಿ ನೀರು ಹೊಯ್ದು ತೊಳೆಯಿರಿ. ಉಳಿದರೆ ಮತ್ತೊಮ್ಮೆ ಮಾಡಬಹುದು, ಆದರೆ ಹೊತ್ತನ್ನು ಹೆಚ್ಚಿಸಬಾರದು. ಕೊನೆಯ ನೀರು ಮಾತ್ರ ಆರ್‌ಓ ನೀರಾಗಿರಲಿ, ಇಲ್ಲವಾದರೆ ತೆಗೆದ ಸುಣ್ಣ ಮತ್ತೆ ಅಲ್ಲಿಯೇ ಕೂರುತ್ತದೆ.

ಇಳಿಗೆರೆಗಳ ವಿಷಯ ಬೇರೆ. ಅಲ್ಲಿ ದ್ರಾವಣವು ಪದರದ ಮೇಲ್ಮೈಯನ್ನೇ ಕೊರೆದು ಒರಟಾಗಿಸಿದೆ, ಹೋದದ್ದನ್ನು ಮರಳಿ ತರಲಾಗುವುದಿಲ್ಲ. ಕಾರಿನ ಬಣ್ಣಕ್ಕೆ ಬಳಸುವ ಅತ್ಯಂತ ನಯವಾದ ಪಾಲಿಶನ್ನು ಮೈಕ್ರೋಫೈಬರ್ ಬಟ್ಟೆಯಲ್ಲಿ ತೆಗೆದುಕೊಂಡು, ಸುತ್ತಿಸದೆ ಪಟ್ಟಿಯ ಉದ್ದಕ್ಕೇ ಹಗುರವಾಗಿ ಎಳೆದು, ಮೇಲೆ ವ್ಯಾಕ್ಸ್ ಹಾಕಿದರೆ ಗೆರೆಗಳು ಬಹಳ ಮಟ್ಟಿಗೆ ತಗ್ಗುತ್ತವೆ. ಅಷ್ಟಕ್ಕೇ ನಿಲ್ಲಿಸಿ. ಅಷ್ಟು ವರ್ಷ ಬಿಸಿಲು ಮಳೆಗೆ ಬದುಕುಳಿದ ಪದರವನ್ನು ನಾಲ್ಕು ಗೆರೆಗಳಿಗಾಗಿ ಕೊಲ್ಲುವುದು ನನಗೆ ಸರಿಕಾಣುವುದಿಲ್ಲ.

ಫುಟ್‌ಬೋರ್ಡಿನ ಪಟ್ಟಿಗಳಲ್ಲಿ ಉಳಿದ ಪದರವನ್ನೂ ಪೂರ್ತಿ ತೆಗೆಯದೆ ಒಂದೇ ಬಣ್ಣ ಬರುವುದಿಲ್ಲ. ರಿವೆಟ್ ಕೊರೆದು ಪಟ್ಟಿಗಳನ್ನು ಗಾಡಿಯಿಂದ ಬಿಚ್ಚಿಕೊಳ್ಳಿ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಲೀಟರ್ ತಣ್ಣೀರಿಗೆ 50 ಗ್ರಾಂ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕರಗಿಸಿ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಪಟ್ಟಿ ಮುಳುಗಿದಾಗ ಹೈಡ್ರೋಜನ್ ಅನಿಲ ಹೊರಡುವುದರಿಂದ ಬಯಲಿನಲ್ಲಿಯೇ ಮಾಡಬೇಕು, ಹತ್ತಿರ ಯಾರೂ ಬೀಡಿ ಹಚ್ಚಕೂಡದು. ಕಣ್ಣಿಗೆ ಮುಚ್ಚಿದ ಕನ್ನಡಕ, ಕೈಗೆ ಉದ್ದನೆಯ ರಬ್ಬರ್ ಗವಸು ಕಡ್ಡಾಯ, ಮಕ್ಕಳು ಮನೆಯೊಳಗಿರಲಿ. ಮೊದಮೊದಲು ಮಂದವಾಗಿದ್ದ ಗುಳ್ಳೆಗಳು ಪಟ್ಟಿಯ ಉದ್ದಕ್ಕೂ ಒಂದೇ ಸಮನೆ ಜೋರಾಗಿ ಏಳತೊಡಗಿದರೆ ಪದರ ಮುಗಿದು ದ್ರಾವಣ ಲೋಹವನ್ನು ತಿನ್ನುತ್ತಿದೆ ಎಂದರ್ಥ. ತಕ್ಷಣ ತೆಗೆದು ತೊಳೆಯಿರಿ. ಆಗ ಪಟ್ಟಿ ಕಪ್ಪಗೆ ಕಂಡರೆ ಗಾಬರಿಯಾಗಬೇಡಿ. ಮಿಶ್ರಲೋಹದ ಇತರ ಧಾತುಗಳು ಮಸಿಯಂತೆ ಉಳಿದಿರುತ್ತವೆ, ಮುಂದಿನ ತಿಕ್ಕಾಟದಲ್ಲಿ ಹೋಗುತ್ತವೆ. ಬಳಿಕ 600, 1000, 1500, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಜ್ಜುಕಾಗದ), ಅದಾದ ಮೇಲೆ ಬಫಿಂಗ್, ಅಂದರೆ ತಿರುಗುವ ಬಟ್ಟೆಚಕ್ರದಿಂದ ಹೊಳಪು ಕೊಡುವುದು.

ಇನ್ನೊಬ್ಬರು (ದಾವಣಗೆರೆ, ಲಾರಿ ಬಾಡಿ ಕೆಲಸ)

ಎರಡು ಮಾತು ಸೇರಿಸುತ್ತೇನೆ. ಪಟ್ಟಿಯನ್ನು ಮರಳಿ ಕೂರಿಸುವಾಗ ಬರಿಯ ಕಬ್ಬಿಣದ ಸ್ಕ್ರೂ ಹಾಕಬೇಡಿ. ಎರಡು ಲೋಹಗಳ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ. ಅಲ್ಯೂಮಿನಿಯಂ ರಿವೆಟ್ ಬಳಸಿ, ಪಟ್ಟಿಯ ಹಿಂದಿನ ತಗಡಿಗೆ ಬಣ್ಣ ಹಚ್ಚಿ. ಹಾಗೆಯೇ ಸ್ಟೀಲ್ ಉಲ್ಲನ್ ಮುಟ್ಟಿಸಬೇಡಿ, ಅದರ ಚೂರುಗಳು ಲೋಹದಲ್ಲಿ ಸಿಕ್ಕಿ ತುಕ್ಕಿನ ಚುಕ್ಕೆಯಾಗುತ್ತವೆ. ಬಫಿಂಗ್ ಆದ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆದರೆ ಹೊಳಪು ಉಳಿಯುವುದಲ್ಲವೇ?

ಉತ್ತರ (ಚಿತ್ರದುರ್ಗ)

ರಿವೆಟ್ ಬಗ್ಗೆ ತಾವು ಹೇಳಿದ್ದನ್ನು ನಾನೇ ಬರೆಯಬೇಕಿತ್ತು. ಲ್ಯಾಕರ್ ಮಾತ್ರ ಫುಟ್‌ಬೋರ್ಡಿಗೆ ಒಗ್ಗುವುದಿಲ್ಲ. ಕಾಲು ತಾಗಿ, ಕಲ್ಲು ಸಿಡಿದು ಒಂದು ಕಡೆ ಒಡೆದರೆ ಸಾಕು, ನೀರು ಅದರಡಿ ಹರಿದು ಮಂಕು ಹಬ್ಬುತ್ತದೆ, ಮತ್ತೆ ಎಲ್ಲವನ್ನೂ ಕಿತ್ತು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಬರಿಯ ಲೋಹದ ಮೇಲೆ ತಾನಾಗಿ ಮೂಡುವ ಆಕ್ಸೈಡ್ ಕೆಲವೇ ನ್ಯಾನೋಮೀಟರ್ ದಪ್ಪವಾದ್ದರಿಂದ ಅದನ್ನು ನಂಬಿ ಬಿಡುವಂತಿಲ್ಲ. ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಹಾಕುತ್ತಿರಬೇಕು. ಆ ತೊಂದರೆ ಬೇಡವೆಂದರೆ ಬಫ್ ಮಾಡಿದ ಪಟ್ಟಿಗಳನ್ನು ಬೆಂಗಳೂರಿನ ಪೀಣ್ಯದ ಆನೊಡೈಸಿಂಗ್ ಘಟಕಕ್ಕೆ ಕೊಟ್ಟು ಹೊಸ ಪದರ ಕಟ್ಟಿಸಬಹುದು. ಆದರೆ ಹಳೆಯ ಪಟ್ಟಿಗಳ ಪಕ್ಕದಲ್ಲಿ ಬಣ್ಣ ಹೊಂದಬೇಕಲ್ಲ, ಅದಕ್ಕಾಗಿ ಕಿಟಕಿಯ ಒಂದು ಪಟ್ಟಿಯನ್ನು ಮಾದರಿಗೆ ಜೊತೆಯಲ್ಲಿ ಒಯ್ಯಿರಿ.

ಪ್ರಶ್ನೆ ಕೇಳಿದವರು

ಕಿಟಕಿಯ ಪಟ್ಟಿಗಳ ಚುಕ್ಕೆಗಳು ಎರಡನೆಯ ಸಲದ ವಿನೆಗರಿಗೆ ಪೂರ್ತಿಯಾಗಿ ಹೋದವು. ಗೆರೆಗಳು ಓರೆಯಾಗಿ ನೋಡಿದರೆ ಮಾತ್ರ ಕಾಣುತ್ತವೆ. ಫುಟ್‌ಬೋರ್ಡಿನ ಪಟ್ಟಿಗಳನ್ನು 2000 ನಂಬರಿಗೆ ನಿಲ್ಲಿಸಿ, ಕೈಯಿಂದಲೇ ಸ್ವಲ್ಪ ಪಾಲಿಶ್ ಮಾಡಿದ್ದೇನೆ. ಚಕ್ರ ಹಾಕಿ ಬಫ್ ಮಾಡಿದ ಒಂದು ತುಂಡು ಕಿಟಕಿಯ ಪಟ್ಟಿಗಿಂತ ಬಹಳ ಹೆಚ್ಚು ಹೊಳೆದು ಬೇರೆ ಗಾಡಿಯದರಂತೆ ಕಂಡಿತು, ಈಗಿನ ಮೆದು ಹೊಳಪು ಮೇಲಿನದಕ್ಕೆ ಹೊಂದುತ್ತದೆ. ಸದ್ಯಕ್ಕೆ ವ್ಯಾಕ್ಸ್ ಹಾಕಿ ಅಲ್ಯೂಮಿನಿಯಂ ರಿವೆಟ್‌ನಲ್ಲಿ ಕೂರಿಸಿದ್ದೇನೆ. ವಾಟರ್ ಸರ್ವಿಸ್‌ಗೆ ಇನ್ನು ಬಿಡುವುದಿಲ್ಲ. ಬಕೆಟ್ಟಿನಲ್ಲಿ ಶಾಂಪೂ ಕಲಸಿ ಮನೆಯಲ್ಲೇ ತೊಳೆಯುತ್ತೇನೆ.